ಮುರುಗಲನ್ನು ಬೀಜದಿಂದ ಬೆಳೆಸಬಹುದೇ? ಹಿತ್ತಿಲಿಗೆ ಒಂದೇ ಗಿಡ ಸಾಕೇ?

ಸಾಗರದ ನೆಂಟರ ಮನೆಯಿಂದ ಮುರುಗಲು (ಪುನರ್ಪುಳಿ, ಕೋಕಂ) ಹಣ್ಣು ತಂದಿದ್ದೀರಿ, ಅದರ ಬೀಜ ಹಾಕಿ ತೀರ್ಥಹಳ್ಳಿಯ ಹಿತ್ತಿಲಲ್ಲಿ ಒಂದು ಮರ ಮಾಡುವ ಆಸೆ ಎಂದಿದ್ದೀರಿ. ಬೀಜದಿಂದ ಖಂಡಿತ ಬೆಳೆಯುತ್ತದೆ. ಆದರೆ ಒಂದೇ ಗಿಡ ನೆಟ್ಟು ಅದನ್ನೇ ನಂಬಿ ಕೂರಬೇಡಿ. ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡಾಗುತ್ತವೆ, ಎಲೆ ನೋಡಿ ಹೇಳುವಂತಿಲ್ಲ. ಏಳೆಂಟು ವರ್ಷ ನೀರು ಗೊಬ್ಬರ ಕೊಟ್ಟ ಮೇಲೆ ಬರೀ ಹೂ ಉದುರಿಸುವ ಮರ ಎದುರು ನಿಂತರೆ ಹೊಟ್ಟೆ ಉರಿಯುತ್ತದೆ.

ಮೊದಲು ಬೀಜದ ವಿಷಯ, ಏಕೆಂದರೆ ಅದಕ್ಕೆ ಸಮಯವಿಲ್ಲ. ಮುರುಗಲು ಬೀಜ ಒಣಗಿದರೆ ಸತ್ತಂತೆ. ಡಬ್ಬಿಯಲ್ಲಿಟ್ಟು ಮಳೆ ಹಿಡಿದ ಮೇಲೆ ಹಾಕಿದರಾಯಿತು ಎಂದುಕೊಳ್ಳಬೇಡಿ. ಹಣ್ಣು ಬಿಡಿಸಿ, ಬೀಜಕ್ಕೆ ಅಂಟಿದ ಬಿಳಿ ತಿರುಳನ್ನು ಬೂದಿ ಹಾಕಿ ಉಜ್ಜಿ ತೊಳೆದು, ನೆರಳಲ್ಲಿ ನೀರಾರಿಸಿ, ಆ ವಾರದಲ್ಲೇ ಹಾಕಿ. ತಾಯಿಬೇರು ಉದ್ದಕ್ಕೆ ಇಳಿಯುವುದರಿಂದ ಆಳದ ಚೀಲವೇ ಬೇಕು. ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಾಕು. ನೆರಳಿರಲಿ, ತೇವ ಆರದಿರಲಿ. ಮೊಳಕೆಗೆ ತಿಂಗಳಾದರೂ ಕಾಯಿರಿ, ಮಣ್ಣು ಕೆದಕಿ ನೋಡಬೇಡಿ. ಚಿಗುರೆಲೆ ತಾಮ್ರಗೆಂಪಾಗಿ ಬರುತ್ತದೆ, ರೋಗವೆಂದು ಹೆದರಬೇಡಿ. ಆಮೇಲೆ ಅದೇ ಹಸಿರಾಗುತ್ತದೆ.

ಇಷ್ಟು ಶ್ರಮಪಟ್ಟ ಸಸಿಯನ್ನು ಅದೃಷ್ಟಕ್ಕೆ ಬಿಡುವುದೇಕೆ? ನನ್ನ ಸಲಹೆ: ಏಳೆಂಟು ಸಸಿ ಮಾಡಿಕೊಳ್ಳಿ, ಕಾಂಡ ಪೆನ್ಸಿಲ್ ಗಾತ್ರಕ್ಕೆ ಬಂದಾಗ ಅವುಗಳಲ್ಲಿ ಹೆಚ್ಚಿನವಕ್ಕೆ ಕಸಿ ಕಟ್ಟಿಸಿ. ನೆಂಟರ ಮನೆಯಲ್ಲಿ ದಪ್ಪ ಸಿಪ್ಪೆಯ, ಕಡುಗೆಂಪು ಹಣ್ಣು ಬಿಡುವ ಮರವಿದ್ದರೆ ಅದರ ಕಡ್ಡಿಯನ್ನೇ ತನ್ನಿ. ಆಗ ಹೆಣ್ಣೇ ಎಂಬ ಖಾತ್ರಿಯೂ ಇರುತ್ತದೆ, ನಾಲ್ಕೈದು ವರ್ಷಕ್ಕೆ ಫಲವೂ ಸಿಗುತ್ತದೆ. ಕಡ್ಡಿ ಆರಿಸುವಾಗ ಒಂದು ಸೂಕ್ಷ್ಮವಿದೆ, ಅನೇಕರು ಅದನ್ನು ಲಕ್ಷಿಸುವುದಿಲ್ಲ. ನೆಟ್ಟಗೆ ಮೇಲಕ್ಕೆ ಏಳುವ ಚಿಗುರಿನಿಂದಲೇ ತೆಗೆಯಬೇಕು. ಅಡ್ಡಕೊಂಬೆಯ ಕಡ್ಡಿ ಕಟ್ಟಿದರೆ ಗಿಡ ಅಡ್ಡಡ್ಡವೇ ಹರಡುತ್ತದೆ, ಮರದ ಆಕಾರಕ್ಕೆ ಬರುವುದಿಲ್ಲ. ಕಸಿ ಗಿಡವನ್ನೇ ಕೊಳ್ಳುವುದಾದರೆ ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯದ ಕೊಂಕಣ ಅಮೃತಾ, ಕೊಂಕಣ ಹಾತಿಸ್ ತಳಿಗಳಿವೆ. ಆದರೂ ನಮ್ಮ ಮಳೆ ಮಣ್ಣಿಗೆ ಒಗ್ಗಿದ ಊರಿನ ಮರದ ಕಡ್ಡಿಯೇ ನನಗೆ ಹೆಚ್ಚು ಇಷ್ಟ.

ಒಂದೆರಡು ಸಸಿಯನ್ನು ಕಸಿ ಕಟ್ಟದೆ ಹಿತ್ತಿಲ ಅಂಚಿನಲ್ಲಿ ಬಿಡಿ. ಹತ್ತು ಹೆಣ್ಣಿಗೆ ಒಂದು ಗಂಡಿದ್ದರೂ ಪರಾಗಕ್ಕೆ ಸಾಕು, ಹತ್ತಿರದ ಕಾಡಿನಲ್ಲಿ ಮುರುಗಲು ಇದ್ದರೆ ಆ ಚಿಂತೆಯೂ ಇಲ್ಲ. ಅವು ಹೂ ಬಿಟ್ಟಾಗ ಕೈಗೆ ತೆಗೆದುಕೊಂಡು ನೋಡಿ. ಗಂಡು ಹೂ ಗೊಂಚಲಾಗಿರುತ್ತದೆ, ನಡುವೆ ಕೇಸರಗಳ ಒತ್ತು ಗುಂಪು. ಹೆಣ್ಣು ಹೂವಿನ ನಡುವೆ ಗುಂಡನೆಯ ಪುಟ್ಟ ಕಾಯಿ ಆಗಲೇ ಕೂತಿರುತ್ತದೆ.

ಗಿಡದಿಂದ ಗಿಡಕ್ಕೆ ಇಪ್ಪತ್ತು ಅಡಿ ಅಂತರವಿರಲಿ. ಮೊದಲ ಎರಡು ಬೇಸಿಗೆ ನೆರಳು, ನೀರು ತಪ್ಪಿಸಬೇಡಿ. ಹಣ್ಣು ಏಪ್ರಿಲ್, ಮೇ ತಿಂಗಳಲ್ಲಿ ಕೆಂಪೇರುತ್ತದೆ. ಸಿಪ್ಪೆ ಒಣಗಿಸಬೇಕಾದರೆ ಮುಂಗಾರಿಗೆ ಮೊದಲೇ ಕೊಯ್ದುಬಿಡಿ, ಮಳೆಗೆ ಸಿಕ್ಕ ಹಣ್ಣು ಮರದಲ್ಲೇ ಕೊಳೆಯುತ್ತದೆ.