ಕ್ಲಾಸುಗಳ ನಂಟು ಸಡಿಲಿಸಲು ಫ್ಯಾಕ್ಟರಿ ಬೇಕಾ, ಡಿಪೆಂಡೆನ್ಸಿ ಇಂಜೆಕ್ಷನ್ ಸಾಕಾ?

ನಿಮ್ಮ ಜಾವಾ ಪ್ರಾಜೆಕ್ಟಿನಲ್ಲಿ ಆರ್ಡರ್‌ಸರ್ವಿಸ್ ಕ್ಲಾಸು ತನ್ನೊಳಗೇ ಎಸ್‌ಎಂಎಸ್‌ಸೆಂಡರ್ ಅನ್ನು ನ್ಯೂ ಮಾಡಿಕೊಳ್ಳುತ್ತಿದೆ, ಟೆಸ್ಟ್ ಓಡಿಸಿದಾಗಲೆಲ್ಲ ನಿಜವಾದ ಮೆಸೇಜ್ ಹೋಗುತ್ತಿದೆ, ಫ್ಯಾಕ್ಟರಿ (ಆಬ್ಜೆಕ್ಟ್ ಮಾಡಿಕೊಡುವುದಕ್ಕೇ ಇರುವ ಬೇರೆ ಕ್ಲಾಸು) ಬರೆದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಇಲ್ಲಿ ಫ್ಯಾಕ್ಟರಿ ಬೇಡ. ಕನ್‌ಸ್ಟ್ರಕ್ಟರ್ ಸಾಕು.

ಆರ್ಡರ್‌ಸರ್ವಿಸ್‌ಗೆ ಬೇಕಿರುವುದು ಗ್ರಾಹಕರಿಗೆ ಸುದ್ದಿ ಮುಟ್ಟಿಸುವ ಯಾರೋ ಒಬ್ಬರು, ಅಷ್ಟೆ. ಅದಕ್ಕೆ ನೋಟಿಫೈಯರ್ ಅಂತ ಒಂದು ಇಂಟರ್‌ಫೇಸ್ ಮಾಡಿ. ಅದನ್ನು ಕನ್‌ಸ್ಟ್ರಕ್ಟರಿನಲ್ಲಿ ತೆಗೆದುಕೊಂಡು ಫೈನಲ್ ಫೀಲ್ಡಿನಲ್ಲಿ ಇಟ್ಟುಕೊಳ್ಳಿ. ಗೇಟ್‌ವೇ ಯುಆರ್‌ಎಲ್ ಯಾವುದು, ಕೀ ಯಾವುದು ಅನ್ನುವ ತಲೆನೋವು ಈ ಕ್ಲಾಸಿಗೆ ತಪ್ಪುತ್ತದೆ. ನ್ಯೂ ಮಾಡುವ ಕೆಲಸವೆಲ್ಲ ಮೇನ್ ಮೆಥಡ್ಡಿಗೆ ಹೋಗಲಿ. ಟೆಸ್ಟಿನಲ್ಲಿ ಬಂದ ಮೆಸೇಜನ್ನು ಸುಮ್ನೆ ಒಂದು ಲಿಸ್ಟಿಗೆ ಸೇರಿಸುವ ಡಮ್ಮಿ ನೋಟಿಫೈಯರ್ ಕೊಡಿ. ಡಿಪೆಂಡೆನ್ಸಿ ಇಂಜೆಕ್ಷನ್ ಅಂದರೆ ಇಷ್ಟೇ, ಕ್ಲಾಸಿಗೆ ಬೇಕಾದ ಆಬ್ಜೆಕ್ಟನ್ನು ಹೊರಗಿನಿಂದ ಕೊಡುವುದು. 2004ರಲ್ಲಿ ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ ಬರೆದ ಲೇಖನದಿಂದ ಈ ಹೆಸರು ಎಲ್ಲೆಡೆ ಹಬ್ಬಿತು. ಇದಕ್ಕೆ ಆಬ್ಜೆಕ್ಟುಗಳನ್ನು ತಾನೇ ಜೋಡಿಸಿಕೊಡುವ ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕ್ ಇರಲೇಬೇಕು ಅಂತೇನಿಲ್ಲ.

ಇದರ ಬದಲು ಸ್ಟ್ಯಾಟಿಕ್ ಫ್ಯಾಕ್ಟರಿ ಬರೆದಿರಿ ಅನ್ನಿ. ಕೋಡಿನಲ್ಲಿ ಎಸ್‌ಎಂಎಸ್‌ಸೆಂಡರ್ ಹೆಸರು ಹೋಗಿ ಫ್ಯಾಕ್ಟರಿಯ ಹೆಸರು ಕೂರುತ್ತದೆ. ನಂಟು ಜಾಗ ಬದಲಿಸಿತು, ಕಡಿಮೆಯಾಗಲಿಲ್ಲ. ಟೆಸ್ಟಿಗಾಗಿ ಅದಕ್ಕೊಂದು ಸ್ಟ್ಯಾಟಿಕ್ ಸೆಟ್ಟರ್ ಸೇರಿಸುತ್ತೀರಿ. ಒಂದು ಟೆಸ್ಟ್ ಹಾಕಿದ ಡಮ್ಮಿ ಮುಂದಿನ ಟೆಸ್ಟಿಗೂ ಉಳಿದುಬಿಡುತ್ತದೆ. ಒಂದೊಂದಾಗಿ ಓಡಿಸಿದರೆ ಪಾಸ್, ಒಟ್ಟಿಗೆ ಓಡಿಸಿದರೆ ಫೇಲ್! ಅದಕ್ಕಿಂತ ಜಾಸ್ತಿ ಕಾಡುವುದು ಬೇರೆ: ಕನ್‌ಸ್ಟ್ರಕ್ಟರ್ ನೋಡಿದವರಿಗೆ ಈ ಕ್ಲಾಸಿಗೆ ಏನೂ ಬೇಕಿಲ್ಲ ಅನಿಸುತ್ತದೆ, ಒಳಗೆ ಮಾತ್ರ ಅದು ಫ್ಯಾಕ್ಟರಿಯನ್ನು ನಂಬಿಕೊಂಡಿರುತ್ತದೆ.

ಹಾಗಂತ ಫ್ಯಾಕ್ಟರಿ ದಂಡ ಅಲ್ಲ. ಯಾವ ಆಬ್ಜೆಕ್ಟ್ ಬೇಕು ಅನ್ನುವುದು ಪ್ರೋಗ್ರಾಂ ಓಡುವಾಗಲೇ ಗೊತ್ತಾಗುವುದಾದರೆ ಅದು ಬೇಕು. ಗ್ರಾಹಕರು ಯುಪಿಐ ಒತ್ತುತ್ತಾರೋ, ಕಾರ್ಡ್ ಒತ್ತುತ್ತಾರೋ ಆ್ಯಪ್ ಶುರುವಾಗುವಾಗ ತಿಳಿಯುವುದಿಲ್ಲ, ಅಲ್ವಾ? ಅಂಥ ಕಡೆ ಪೇಮೆಂಟ್‌ಫ್ಯಾಕ್ಟರಿ ಬರೆಯಿರಿ, ಆದರೆ ಸ್ಟ್ಯಾಟಿಕ್ ಮಾಡಬೇಡಿ. ಅದನ್ನೂ ಕನ್‌ಸ್ಟ್ರಕ್ಟರ್ ಮೂಲಕವೇ ಒಳಗೆ ಕೊಡಿ. ಸ್ಪ್ರಿಂಗ್ ಬಳಸುವುದಾದರೆ ಇನ್ನೂ ಸುಲಭ. ಪೇಮೆಂಟ್ ಇಂಟರ್‌ಫೇಸಿನ ಎಲ್ಲ ಬೀನ್‌ಗಳನ್ನೂ (ಸ್ಪ್ರಿಂಗ್ ನೋಡಿಕೊಳ್ಳುವ ಆಬ್ಜೆಕ್ಟುಗಳನ್ನು) ಅವುಗಳ ಹೆಸರಿನ ಸಮೇತ ಒಂದು ಮ್ಯಾಪಿನಲ್ಲಿ ಅದೇ ತಂದುಕೊಡುತ್ತದೆ. ಉದ್ದುದ್ದ ಸ್ವಿಚ್ ಬರೆಯಬೇಕಾಗಿಲ್ಲ.

ಇಷ್ಟು ಓದಿ ಎಲ್ಲ ಕ್ಲಾಸಿಗೂ ಇಂಟರ್‌ಫೇಸ್ ಹಚ್ಚಲು ಹೋಗಬೇಡಿ. ಜಿಎಸ್‌ಟಿ ಲೆಕ್ಕ ಹಾಕುವ, ನೆಟ್‌ವರ್ಕನ್ನಾಗಲಿ ಡೇಟಾಬೇಸನ್ನಾಗಲಿ ಮುಟ್ಟದ ಚಿಕ್ಕ ಕ್ಲಾಸನ್ನು ಬೇಕಾದಲ್ಲೇ ನ್ಯೂ ಮಾಡಿಕೊಳ್ಳಿ. ಇನ್ನು ಕನ್‌ಸ್ಟ್ರಕ್ಟರಿಗೆ ಎಂಟು ಒಂಬತ್ತು ಆರ್ಗ್ಯುಮೆಂಟ್ ಆಗುತ್ತಿವೆ ಅಂದರೆ ಇಂಜೆಕ್ಷನ್ನನ್ನು ಬೈಯಬೇಡಿ. ಆ ಕ್ಲಾಸೇ ಮೈತುಂಬ ಕೆಲಸ ಹೊತ್ತಿದೆ. ಅದನ್ನು ಎರಡಾಗಿ ಒಡೆಯಿರಿ.