ಪೈಪಲ್ಲಿ ರಿವೆಟ್ ನಟ್ ನಿಂತಲ್ಲೇ ತಿರುಗ್ತಿದ್ರೆ ಗನ್ ಬದಲಾಯಿಸ್ಬೇಕಾ?

25 ಎಂಎಂ ಚೌಕ ಪೈಪಲ್ಲಿ ಎಂ6 ರಿವೆಟ್ ನಟ್ (ತೆಳು ಗೋಡೆ ತೂತಿಗೆ ಹಾಕಿ ಗನ್ನಲ್ಲಿ ಎಳೆದು ಕೂರಿಸೋ, 6 ಎಂಎಂ ಬೋಲ್ಟ್ ಹಿಡಿಯೋ ನಟ್ಟು) ತಿರುಗ್ತೈತೆ, ಕೈ ಗನ್ ಬಿಟ್ಟು ಗಾಳಿ ಗನ್ ತಗೊಳ್ಲಾ ಅಂತ ಕೇಳಿದೀರ. ತಗೋಬೇಡಿ. ನಾನು ತಗೊಂಡೆ, ಹೊಸೂರಲ್ಲಿ ನಮ್ಮ ಶೆಡ್ಡಲ್ಲಿ ಈಗ್ಲೂ ಐತೆ, ನಟ್ಟು ಆಮೇಲೂ ತಿರುಗ್ತಾನೇ ಇತ್ತು.

ಆಗ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಡೆ ಒಂದು ಕಂಪನಿಗೆ ಟ್ರಾಲಿ ಫ್ರೇಮ್ ಜಾಬ್ ವರ್ಕ್ ಮಾಡ್ತಿದ್ವಿ, ಲಾಟಿಗೆ 400 ಫ್ರೇಮು, ಒಂದೊಂದಕ್ಕೂ 4 ನಟ್ಟು. ನಮ್ಮ ನಟ್ಟಿಗೆ ತೂತು 9 ಎಂಎಂ. ಡ್ರಿಲ್ ಹೊಡೆಯೋ ಹುಡುಗ, ಡೆಂಕಣಿಕೋಟೆ ಕಡೆಯೋನು, ಬಂದು "ಅಣ್ಣಾ, ನಟ್ಟು ಒಳಗೆ ಹೋಗ್ತಿಲ್ಲ, ಬಡಿದು ಕೂರಿಸ್ಬೇಕು" ಅಂದ. ನಾನು ಟೀ ಲೋಟಾನೂ ಕೆಳಗಿಡದೆ "9.5 ಬಿಟ್ ಹಾಕೋ" ಅಂದ್ಬಿಟ್ಟೆ. ಎದ್ದು ಹೋಗಿ ನೋಡಿದ್ರೆ ಗೊತ್ತಾಗ್ತಿತ್ತು, ತೂತು ಸರಿಯಾಗೇ ಇತ್ತು, ಬಿಟ್ ಮೊಂಡಾಗಿ ತೂತಿನ ಬಾಯಲ್ಲಿ ಬರ್ರು, ಅಂದ್ರೆ ಚೂಪು ಕಬ್ಬಿಣದ ಅಂಚು, ಎದ್ದಿತ್ತು ಅಷ್ಟೇ. ಬಿಟ್ ಸಾಣೆ ಹಿಡಿದು ಬರ್ರು ಕೆರೆದಿದ್ರೆ ಮುಗೀತಿತ್ತು.

ಅರ್ಧ ಎಂಎಂ ತಾನೇ ಅಂತೀರ. ನೋಡಿ, ಗನ್ ಎಳೆದಾಗ ನಟ್ಟಿನ ಮೈ ಮುದುರಿ ಗೋಡೆ ಹಿಂದೆ ಗಂಟು ಕಟ್ಟುತ್ತೆ, ಜೊತೆಗೆ ಮೈಮೇಲಿನ ನರ್ಲಿಂಗ್ ಗೆರೆ (ಉಬ್ಬು ಗೆರೆ) ತೂತಿನ ಅಂಚನ್ನ ಕಚ್ಚುತ್ತೆ. ತಿರುಗದಂಗೆ ತಡೆಯೋದು ಮುಖ್ಯವಾಗಿ ಆ ಕಚ್ಚೋದೇ. ತೂತು ಸಡಿಲ ಆದ್ರೆ ಗೆರೆಗೆ ಕಚ್ಚಕ್ಕೆ ಏನೂ ಸಿಗಲ್ಲ, ಹೊರಗಿಂದ ನೋಡಿದ್ರೆ ತಲೆ ನೀಟಾಗಿ ಕೂತಿರುತ್ತೆ, ಪೈಪಾದ್ರಿಂದ ಒಳಗೆ ಇಣುಕಕ್ಕೂ ಆಗಲ್ಲ, ಹಿಂದಿಂದ ಸ್ಪ್ಯಾನರ್ ಹಾಕಿ ಹಿಡಿಯಕ್ಕೂ ಆಗಲ್ಲ.

ಪೌಡರ್ ಕೋಟಿಂಗ್ ಆಗಿ ಮಾಲು ಹೋಯ್ತು, ಅಲ್ಲಿ ಬೋಲ್ಟ್ ಟೈಟ್ ಮಾಡ್ತಿದ್ದಂಗೇ ನಟ್ಟು ಬೋಲ್ಟ್ ಜೊತೆ ಗಿರಗಿರ. ಬಿಗಿಯಾಗೂ ಇಲ್ಲ, ಬಿಚ್ಚಕ್ಕೂ ಬರಲ್ಲ. ಇಡೀ ಲಾಟು ವಾಪಸ್. ಬೋಲ್ಟ್ ತಲೆ ಗ್ರೈಂಡರಲ್ಲಿ ಹಾರಿಸಿದ್ರೆ ಉಳಿದಿದ್ದು ಪೈಪೊಳಗೆ ಬಿದ್ದು ಫ್ರೇಮ್ ಎತ್ತಿದಾಗೆಲ್ಲ ಗಿಲಕಿ ಥರ ಸದ್ದು. ನಮ್ಮನೇಲಿ ಆಗ ಮಗು ಬೇರೆ ಚಿಕ್ಕದು, ಗಿಲಕಿ ಸದ್ದು ಕೇಳಿದ್ರೆ ಮೈ ಉರೀತಿತ್ತು. ಆ ಗಾಬರೀಲೇ ಗಾಳಿ ಗನ್ ತಂದಿದ್ದು.

ನಿಮಗೆ ಬೇಕಿರೋದು ಗನ್ನಲ್ಲ, ತೂತು ಅಳೆಯೋ ವರ್ನಿಯರ್. ತೂತು 9ರಿಂದ 9.1 ಒಳಗಿರ್ಲಿ, ಮೊದ್ಲು ಸಣ್ಣ ಬಿಟ್ ಹೊಡೆದು ಆಮೇಲೆ 9 ಹಾಕಿ, ಮೊದ್ಲೇ 9 ಹೊಡೆದ್ರೆ ತೆಳು ಗೋಡೇಲಿ ತೂತು ಗುಂಡಗೆ ಬರಲ್ಲ. ಪ್ರತಿ ಲಾಟಲ್ಲೂ ಅದೇ ಪೈಪಿನ ಒಂದು ತುಂಡಿಗೆ ನಟ್ ಹಾಕಿ, ಹ್ಯಾಕ್ಸಾದಲ್ಲಿ ಸೀಳಿ ಗಂಟು ಕಣ್ಣಾರೆ ನೋಡಿ. ವೇಸ್ಟ್ ಅಂತಾರೆ, ಅನ್ಲಿ.

ಪೈಪ್ ಗೋಡೆ ದಪ್ಪ 18 ಗೇಜಾ 16 ಗೇಜಾ ಅಂತ ನೀವು ಬರೆದಿಲ್ಲ. 1.2 ಎಂಎಂ ಗೋಡೆಗೂ 1.6ಕ್ಕೂ ಗನ್ನಿನ ಸ್ಟ್ರೋಕ್ (ನಟ್ಟನ್ನ ಎಳೆಯೋ ದೂರ) ಒಂದೇ ಇಟ್ರೆ ಅದು ಬೇರೆ ತಲೆನೋವು. ಅಳೆದು ಹಾಕಿ, ನೋಡೋಣ.