ಕೋಲಿನ ತುದಿಗೆ ಭಾರ ಕಟ್ಟುವ ಬಗ್ಗೆ

ನಮಸ್ಕಾರ. ಚೀನಾದ ಸಮರಕಲೆ ಚೆನ್ ತೈಚಿಯ 3 ಮೀಟರ್ ಕೋಲು ಕೊಡವಿದರೆ ಬಲಭುಜ ನೋಯುತ್ತದೆ, ಶಕ್ತಿ ಬರಲು ತುದಿಗೆ 200 ಗ್ರಾಂ ಸೀಸ ಕಟ್ಟಲೇ ಎಂದು ಕೇಳಿದ್ದೀರಿ. ದಯವಿಟ್ಟು ಕಟ್ಟಬೇಡಿ. ಕೈಗಳ ನಡುವೆ 60 ಸೆಂ.ಮೀ. ಅಂತರವಿದ್ದರೆ ಆ 200 ಗ್ರಾಂಗೆ ಹಿಂದಿನ ಕೈ 800 ಗ್ರಾಂ ಒತ್ತಬೇಕು, ಮುಂದಿನ ಕೈ 1 ಕೆ.ಜಿ. ಹೊರಬೇಕು. ಇದು ಬುಡ ಹಿಡಿದ ಕೋಲು ಅಡ್ಡವಾಗಿ ಅಲುಗದೆ ಇದ್ದಾಗಿನ ಲೆಕ್ಕ. ಕೊಡವಿದಾಗ ಇನ್ನೂ ಹೆಚ್ಚು. ಜೊತೆಗೆ ಈ ಕೋಲು ಮಾಡುವ ಬೈಲಾ ಮರದ ಬಳುಕು ಸತ್ತುಹೋಗುತ್ತದೆ, ಕಲಿಸುವುದೇ ಆ ಬಳುಕು.

ನೋವಿಗೆ ಕಾರಣ ಬಹುಶಃ ಹಿಂದಿನ ಕೈ ಸೊಂಟ ಬಿಟ್ಟು ಮೇಲೇಳುವುದು. ದಪ್ಪ ಬುಡ ಅಂಗೈಯೊಳಗೇ ಇರಲಿ, ಮುಷ್ಟಿ ಸೊಂಟಕ್ಕೆ ತಾಗಿರಲಿ. ಹಿಂದಿನ ಕೈ ಬೀಗ, ಮುಂದಿನ ಕೈ ಕೊಳವೆ ಅನ್ನುತ್ತಾರೆ ಚೀನೀಯರು: ಮುಂದಿನ ಕೈಯಲ್ಲಿ ಕೋಲು ಜಾರಬೇಕು. ಅಲ್ಲಿ ಬಿಗಿಹಿಡಿದರೆ ಕಂಪನ ತುದಿಗೆ ಹೋಗದೆ ಮಣಿಕಟ್ಟಿನಿಂದ ಭುಜಕ್ಕೆ ಹೊಡೆಯುತ್ತದೆ.

ಸದ್ಯಕ್ಕೆ ತಿವಿತ, ಅಂದರೆ ಝಾ, ಬಿಡಿ. ಎಡಗೈ ಮುಂದಿದ್ದರೆ ತುದಿ ಎಡಕ್ಕೆ ಸುತ್ತುವುದು ಲಾನ್, ಬಲಕ್ಕೆ ಸುತ್ತುವುದು ನಾ. ಎರಡನ್ನೂ ಸೊಂಟ ತಿರುಗಿಸಿಯೇ, ನಿಧಾನವಾಗಿ, 20 ಸಲ ಮಾಡಿ. ಆಮೇಲೆ ಕೈ ಬದಲಿಸಿ. ವೃತ್ತ ತಟ್ಟೆಯಷ್ಟಿದ್ದರೆ ಸಾಕು. ಹಿಂದಿನ ಕಾಲು ನೆಲ ಒತ್ತಿದ ಕೂಡಲೇ ತುದಿ ತಾನಾಗಿ ನಡುಗಿದರೆ ಸರಿ ದಾರಿಯಲ್ಲಿದ್ದೀರಿ. ಭುಜ ಏಳತೊಡಗಿದರೆ ಎಣಿಕೆ ಮುಗಿಯದಿದ್ದರೂ ಕೋಲು ಕೆಳಗಿಡಿ. ಮುಂದೆ ಭಾರ ಬೇಕೆನಿಸಿದರೆ ಬುಡ ಇನ್ನೂ ದಪ್ಪವಿರುವ ಕೋಲನ್ನೇ ತೆಗೆದುಕೊಳ್ಳಿ.